ಜಾಂಡೀಸಿನ ಮನೆಯಲ್ಲಿ ಬಂಗುಡೆ

ನರಿಕೊಂಬು,
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಮಗ ಅಝೀಮನಿಗೆ ಉಮ್ಮನ ಸಲಾಂ.

ನಿನ್ನ ಸೊಂಟನೋವು ಹೇಗುಂಟು? ಕಳೆದ ವಾರ ಫೋನಿನಲ್ಲಿ ಕೇಳಿದ್ದಕ್ಕೆ ಏನಿಲ್ಲ ಎಂದೆ. ಏನಿಲ್ಲದವನು ಕುರ್ಚಿಯಿಂದ ಏಳುವಾಗ ಅಷ್ಟು ದೊಡ್ಡದಾಗಿ ಅಲ್ಲಾಹನನ್ನು ಕರೆಯುವುದಿಲ್ಲ. ನೋವಿನ ಎಣ್ಣೆ ಕಳಿಸುತ್ತಿದ್ದೇನೆ, ರೂಮಿನಲ್ಲಿರುವ ಹುಡುಗರಲ್ಲಿ ಒಬ್ಬನನ್ನು ಹಿಡಿದು ಹಚ್ಚಿಸಿಕೋ. ಬರೀ ಕುಬೂಸು ರೊಟ್ಟಿ, ಚಹಾದಲ್ಲಿ ದಿನ ದೂಡಬೇಡ, ಒಂದು ಹೊತ್ತಾದರೂ ಅನ್ನ ಬೇಯಿಸಿ ಉಣ್ಣು. ಇಲ್ಲಿ ನನ್ನ ಮೊಣಕಾಲು ಹೇಳಿದ ಮಾತು ಕೇಳುತ್ತಿದೆ. ನಿನ್ನ ಹೆಂಡತಿ ಶಾಹಿದಾ ಸ್ವಲ್ಪ ದಪ್ಪಗಾಗಿದ್ದಾಳೆ, ನೋಡಲು ಚೆಂದ. ಹೀಗೆ ಬರೆದೆನೆಂದು ಮಾತ್ರ ಅವಳಿಗೆ ಹೇಳಬೇಡ.

ದಿನವಿಡೀ ಮೊಬೈಲು ಕೈಯಲ್ಲಿರುವ ಈ ಕಾಲದಲ್ಲಿ ಉಮ್ಮನಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗಬಹುದು. ಫೋನಿನಲ್ಲಿ ನಾನು ಸ್ವಲ್ಪ ಉದ್ದಕ್ಕೆ ಹೋದರೆ ಸಾಕು, "ಆಯ್ತು ಉಮ್ಮ, ಇಡ್ತೇನೆ" ಎನ್ನುತ್ತೀ. ಪತ್ರವನ್ನು ಹಾಗೆ ಇಡಲು ಆಗುವುದಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿ ಕಥೆ ಹೇಳಿದವಳು ನಾನು, ಕೇಳುವವರು ಮಧ್ಯದಲ್ಲಿ ಎದ್ದು ಹೋಗದ ಹಾಗೆ ನೋಡಿಕೊಳ್ಳುವುದು ನನಗೆ ಗೊತ್ತು. ಹಿಂದಿನ ಮನೆಯ ನಿಝಾಮ್ ರಜೆ ಮುಗಿಸಿ ಶನಿವಾರದ ವಿಮಾನಕ್ಕೆ ನೀನಿರುವ ಕಡೆಗೇ ಹೊರಟಿದ್ದಾನೆ. ಅವನ ಪೆಟ್ಟಿಗೆಯಲ್ಲಿ ಒಣಮೀನಿನ ಕಟ್ಟಿನ ಪಕ್ಕ ಇದನ್ನು ಇಡಿಸುತ್ತೇನೆ. ವಾಸನೆ ಬಂದರೆ ಸಹಿಸಿಕೋ.

ನಿನ್ನ ಮಗಳು ಮುರ್ಶಿದಾಳ ಸುದ್ದಿ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಬರೆಯುವ ಖುಷಿ ನನಗೂ ಬೇಡವೇ? ಎರಡೂವರೆ ವರ್ಷದ ಮದ್ದು ಸೋಮವಾರಕ್ಕೆ ಮುಗಿಯಿತು. ಕ್ಯಾನ್ಸರಿನ ಗುರುತು ರಕ್ತದಲ್ಲಿ ಎಲ್ಲೂ ಇಲ್ಲ, ಇನ್ನು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ನಾನು ಅವಳನ್ನು ನೇರ ಅಂಗನವಾಡಿಗೆ ಕರೆದುಕೊಂಡು ಹೋಗಿ ತೂಕ ನೋಡಿದೆ, ಇಪ್ಪತ್ತನಾಲ್ಕು ಕಿಲೋ ಆರುನೂರು ಗ್ರಾಂ. ಆಸ್ಪತ್ರೆಯ ತಕ್ಕಡಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಕೂದಲು ಜಡೆ ಹಾಕುವಷ್ಟು ಬಂದಿದೆ. ಅಂಗನವಾಡಿಯಲ್ಲಿ ನನ್ನ ಹತ್ತಿರವೇ ಕಲಿತವಳಲ್ಲವೇ, ಒಂಬತ್ತು ವರ್ಷವಾದರೂ ಊರಿನವರ ಹಾಗೆ ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಾಳೆ.

ಇನ್ನು ನಿನಗೆ ಗೊತ್ತಿಲ್ಲದ್ದು. ಆ ದಿನ ಮಂಗಳೂರಿನ ಆಸ್ಪತ್ರೆಯಿಂದ ನಮ್ಮನ್ನು ಕರೆತಂದವನು ಶಾಲೆಯ ವ್ಯಾನ್ ಓಡಿಸುವ ಜಿತೇಶ್. ಪಾಣೆಮಂಗಳೂರು ಬಂದದ್ದೇ ಹಾರನ್ ಒತ್ತಿದವನು ನಮ್ಮ ಅಂಗಳದವರೆಗೆ ಕೈ ತೆಗೆಯಲಿಲ್ಲ. ಜನ ಮನೆಯಿಂದ ಹೊರಗೆ ಬಂದು ನಿಂತರು. ಪಕ್ಕದ ಮನೆಯ ಕಾಂತಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮುರ್ಶಿದಾಳ ಎರಡೂ ಕೆನ್ನೆಗೆ ಹಿಟ್ಟು ಮೆತ್ತಿದಳು. ಎಲ್ಲರೂ ಅತ್ತರು, ಎಲ್ಲರೂ ನಕ್ಕರು. ಈಗ ನೀನು ಕೇಳುತ್ತೀ, ನಾವು ಊರಿಗೆ ಹೇಳಿದ್ದ ಜಾಂಡೀಸು ಗುಣವಾದದ್ದಕ್ಕೆ ಯಾರಾದರೂ ಹೀಗೆ ಮಾಡುತ್ತಾರಾ ಎಂದು. ಮಾಡುವುದಿಲ್ಲ ಮೋನೇ. ಊರಿಗೆ ಎಲ್ಲ ಗೊತ್ತು. ಇವತ್ತು ನಿನ್ನೆಯದಲ್ಲ, ಎರಡೂವರೆ ವರ್ಷದಿಂದ ಗೊತ್ತು.

ಸಿಟ್ಟು ಮಾಡುವ ಮೊದಲು ಪೂರ್ತಿ ಓದು. ಆ ವರ್ಷ ಪೆರ್ನಾಲ್ ಹಬ್ಬ ಕಳೆದ ವಾರ ಕಾಯಿಲೆಯ ಹೆಸರು ತಿಳಿದಾಗ ನೀನು ಹದಿನೈದು ದಿನಕ್ಕೆ ಓಡಿ ಬಂದೆ. ಹೋಗುವಾಗ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡಿ ಉಮ್ಮ, ಹೆಣ್ಣು ಮಗು, ನಾಳೆ ಯಾರು ಕೇಳಿಕೊಂಡು ಬರ್ತಾರೆ?" ಎಂದೆ. ನಾನೂ ಹೌದು ಎಂದೆ. ಏಳು ವರ್ಷದ ಮಗುವಿನ ಉಸಿರಿನ ಚಿಂತೆ ಬಿಟ್ಟು ಅವಳ ನಿಕಾಹದ ಚಿಂತೆ ಮಾಡಿದ ದೊಡ್ಡ ಬುದ್ಧಿವಂತರು ನಾವು. ಮಗು ಬಿಳಿಚಿದ್ದಕ್ಕೆ ಏನಾದರೊಂದು ಹೆಸರು ಬೇಕಲ್ಲ, ಜಾಂಡೀಸು ಎಂದು ಸುದ್ದಿ ಹಬ್ಬಿಸಿದವಳು ನಾನೇ.

ನಮ್ಮ ಊರಿನಲ್ಲಿ ಜಾಂಡೀಸು ಎಂದರೆ ಏನಾಗುತ್ತದೆ ಎಂದು ನಾನಾದರೂ ಯೋಚಿಸಬೇಕಿತ್ತು. ಇಲ್ಲಿ ಪ್ರತಿ ಮನೆಯಲ್ಲೂ ಅದಕ್ಕೊಂದು ಮದ್ದು ಉಂಟು. ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಬಿಟ್ಟ ಮರುದಿನ ಬೆಳಿಗ್ಗೆಯೇ ಕಾಂತಿ ಕಿರುನೆಲ್ಲಿ ಅರೆದು ಲೋಟದಲ್ಲಿ ತಂದಳು. ಒಂಬತ್ತು ಗಂಟೆಗೆ ಎದುರುಮನೆಯ ಕಬ್ಬಿನ ಹಾಲು. ಮಡಂತ್ಯಾರಿನಿಂದ ನನ್ನ ತಂಗಿ ಆಯಿಶಮ್ಮ ಬಸ್ಸಿನಲ್ಲಿ ಒಂದು ಬೇರು ಹಿಡಿದುಕೊಂಡು ಬಂದು, ತೇಯ್ದು ಕೊಟ್ಟು ಕುಡಿಸುವವರೆಗೆ ಏಳುವುದಿಲ್ಲ ಎಂದು ಕೂತಳು. ಡಾಕ್ಟರು ಹೊರಗಿನದು ಒಂದು ತೊಟ್ಟೂ ಬೇಡ ಎಂದಿದ್ದರು. ಕೊಟ್ಟವರ ಮುಂದೆ ಲೋಟ ಹಿಡಿದು ಒಳಗೆ ಹೋಗುವುದು, ಹಿಂದಿನ ಬಾಗಿಲಿನಿಂದ ಬಸಳೆಯ ಬುಡಕ್ಕೆ ಸುರಿಯುವುದು, ಖಾಲಿ ಲೋಟ ತಂದು ಕೊಡುವುದು, ಇದೇ ನನ್ನ ಕೆಲಸವಾಯಿತು. ಆ ವರ್ಷದ ಬಸಳೆಯನ್ನು ನೀನು ನೋಡಬೇಕಿತ್ತು.

ಅದನ್ನಾದರೂ ನಿಭಾಯಿಸಿದೆ. ಮೀನಿನದ್ದೇ ಕಷ್ಟವಾದದ್ದು. ಮದ್ದಿನಿಂದಾಗಿ ಮಗುವಿಗೆ ಎಲ್ಲಿಲ್ಲದ ಹಸಿವು. ಆಗಷ್ಟೇ ಬೇಯಿಸಿದ ಮೀನು, ಮೊಟ್ಟೆ ಚೆನ್ನಾಗಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅವಳೂ ಎದ್ದರೆ ಬಂಗುಡೆ, ಕೂತರೆ ಬಂಗುಡೆ. ಆದರೆ ಬೈಕಿನಲ್ಲಿ ಮೀನು ತರುವ ಸುಲೈಮಾನ್ ನಮ್ಮ ಗೇಟಿನ ಮುಂದೆ ನಿಲ್ಲಿಸುವುದನ್ನೇ ಬಿಟ್ಟ. ನಾನು ಕೈ ಅಡ್ಡ ಹಿಡಿದರೆ, ಜಾಂಡೀಸು ಇರುವ ಮನೆಗೆ ಮೀನು ಕೊಟ್ಟ ಪಾಪ ನನಗೆ ಬೇಡ ಎಂದು ಪೆಟ್ಟಿಗೆಯ ಮುಚ್ಚಳ ಹಾಕಿಕೊಂಡು ಹೋದ. ಕೊನೆಗೆ ಶಾಹಿದಾ ಬುರ್ಖಾದ ಒಳಗೆ ಚೀಲ ಅಡಗಿಸಿಕೊಂಡು ಬಂಟ್ವಾಳ ಪೇಟೆಯಿಂದ ನಾಲ್ಕು ಬಂಗುಡೆ ತಂದಳು. ಕಿಟಕಿ ಮುಚ್ಚಿದೆವು, ಬಾಗಿಲು ಹಾಕಿದೆವು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಟ್ಟೆವು. ಮೀನು ಹುರಿಯುವುದನ್ನು ಮುಚ್ಚಿಡಬಹುದು ಎಂದುಕೊಂಡ ಹೆಂಗಸರು ಈ ಕರಾವಳಿಯಲ್ಲಿ ನಾವಿಬ್ಬರೇ ಇರಬೇಕು. ಮೂರನೆಯ ಮೀನು ಕಾವಲಿಗೆ ಬೀಳುವಾಗ ಹಿಂದಿನ ಬಾಗಿಲು ದೂಡಿಕೊಂಡು ಕಾಂತಿ ಬಂದಳು. ಮುರ್ಶಿದಾಳ ಬಾಯಿಯ ಸುತ್ತ ಮಸಾಲೆ. ಕಾಂತಿ ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು. "ಮಗುವನ್ನು ಕೊಲ್ತೀರಾ ಟೀಚರಮ್ಮ ನೀವು?" ಎಂದಳು.

ಆ ಮಾತಿಗೆ ನನ್ನಿಂದ ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ನಿನಗೆ ಕೊಟ್ಟ ಮಾತು ಮುರಿದೆ. ಬೈಯುವುದಾದರೆ ನನಗೆ ಬೈಯಿ, ಶಾಹಿದಾಳಿಗೆ ಒಂದು ಮಾತೂ ಹೇಳಬೇಡ. ಕಾಂತಿ ಅಳಲಿಲ್ಲ. ಒಲೆಯ ಮೇಲೆ ಕರಟುತ್ತಿದ್ದ ಮೀನನ್ನು ಮಗುಚಿ ಹಾಕಿ, ತಾನು ಇಷ್ಟು ದಿನ ತಂದ ಕಿರುನೆಲ್ಲಿಯನ್ನು ಏನು ಮಾಡಿದಿರಿ ಎಂದು ಕೇಳಿದಳು. ಬಸಳೆಗೆ ಎಂದೆ. ಆಗ ನಕ್ಕಳು ನೋಡು, ನಾನೂ ಆ ಕಾಯಿಲೆಯ ಹೆಸರು ಕೇಳಿದ ಮೇಲೆ ಮೊದಲ ಸಲ ನಕ್ಕೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ, ಬೇರೆ ಯಾವ ಮನೆಗೂ ಹೋಗುವ ಮೊದಲು, ಸುಲೈಮಾನನ ಬೈಕು ನಮ್ಮ ಗೇಟಿನಲ್ಲಿತ್ತು. ಪೆಟ್ಟಿಗೆ ತೆರೆದು, ಆರಿಸಿಕೊಳ್ಳಿ ಎಂದ. ಕಾಂತಿಯ ಬಾಯಿಯಿಂದ ಸುದ್ದಿ ಅಷ್ಟರಲ್ಲಿ ಊರು ಸುತ್ತಿತ್ತು.

ಆಮೇಲಿನದ್ದನ್ನು ಬರೆಯುತ್ತಾ ಹೋದರೆ ನಿಝಾಮನ ಪೆಟ್ಟಿಗೆ ಸಾಲದು. ಮಗುವಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು ಎಂಬುದು ಡಾಕ್ಟರರ ಕಟ್ಟುನಿಟ್ಟು. ಒಂದು ಭಾನುವಾರ ಮಧ್ಯಾಹ್ನ ಮೈ ಸುಡತೊಡಗಿತು. ಜಿತೇಶ್ ತನ್ನ ಅಕ್ಕನ ಮದುವೆಯ ಊಟಕ್ಕೆ ಕೂತಿದ್ದವನು ಪಾಯಸ ಬರುವ ಮೊದಲೇ ಎದ್ದು ಬಂದು, ಮುಕ್ಕಾಲು ಗಂಟೆಯಲ್ಲಿ ನಮ್ಮನ್ನು ಮುಟ್ಟಿಸಿದ. ಕಾಂತಿಯ ಮಗ ಶಿಶಿರ್ ನೆನಪುಂಟಲ್ಲ, ಅಂಗನವಾಡಿಯಲ್ಲಿ ಚುಚ್ಚುಮದ್ದಿನ ದಿನ ನನ್ನ ಕೈ ಕಚ್ಚಿ ಓಡಿ ಹೋಗುತ್ತಿದ್ದವನು? ಅವನು ನಾಲ್ಕು ಸಲ ಪ್ಲೇಟ್ಲೆಟ್ ಕೊಟ್ಟ. ಸೂಜಿ ಹಾಕುವಾಗ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದ, ಕಚ್ಚಲಿಲ್ಲ. ಮಗುವಿಗೆ ಸೋಂಕು ತಗಲುತ್ತದೆ, ನೋಡಲು ಬಂದವರು ಒಳಗೆ ಬರಬಾರದು ಎಂದು ತಿಳಿದ ಮೇಲೆ ಎಲ್ಲರೂ ನಮ್ಮ ಮನೆಯೆದುರಿನ ಮೋರಿಯ ಕಟ್ಟೆಯಲ್ಲಿ ಕೂರತೊಡಗಿದರು. ಇವಳು ಕಿಟಕಿಯಲ್ಲಿ, ಅವರು ಕಟ್ಟೆಯಲ್ಲಿ. ಅಲ್ಲಿಂದಲೇ ಒಗಟು, ಅಲ್ಲಿಂದಲೇ ಮಗ್ಗಿ, ಅಲ್ಲಿಂದಲೇ ಊರಿನ ಜಗಳ ಎಲ್ಲ ಕೇಳಿಸಿಕೊಂಡು ಅವಳಿಗೆ ನನಗಿಂತ ಹೆಚ್ಚು ಸುದ್ದಿ ಗೊತ್ತಿರುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ನೀನು ರಜೆಯಲ್ಲಿ ಬಂದೆಯಲ್ಲ? ಆ ಇಪ್ಪತ್ತು ದಿನ ಇಡೀ ನರಿಕೊಂಬು ನಿನಗಾಗಿ ನಾಟಕ ಆಡಿತು. ನಿನಗೆ ಬೇಸರವಾಗಬಾರದು ಎಂದು ನಾನೇ ಕೇಳಿಕೊಂಡಿದ್ದೆ. ಕಾಂತಿ ಒಂದೂವರೆ ವರ್ಷದ ಮೇಲೆ ಮತ್ತೆ ಕಿರುನೆಲ್ಲಿ ಅರೆದು ತಂದಳು. ಜಾಂಡೀಸಿನ ನಂಜು ಇನ್ನೂ ಪೂರ್ತಿ ಹೋಗಿಲ್ಲ ಎಂದು ಸುಲೈಮಾನ್ ನಿನ್ನ ಕೈಗೆ ಮೀನು ಕೊಡದೆ ಹೋದ. ನೀನು ಒಳಗೆ ಬಂದು, ಪಾಪ, ಯಾರಿಗೂ ಏನೂ ಗೊತ್ತಿಲ್ಲ ಎಂದು ಸಮಾಧಾನದಿಂದ ಹೇಳಿದೆ. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ನಗುವೋ ಅಳುವೋ ನನಗೇ ಗೊತ್ತಾಗಲಿಲ್ಲ. ನಿನ್ನ ಮೇಲೆ ಅವರಿಗಿರುವ ಪ್ರೀತಿ ಎಷ್ಟೆಂದು ಆ ದಿನ ತಿಳಿಯಿತು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಬೆಳ್ತಂಗಡಿ ಕಡೆಯ ರಮಾನಾಥ ಎಂಬವರಿಂದಾಗಿ. ಅವರ ಮಗ ತರುಣನಿಗೆ ಐದು ವರ್ಷ, ಅದೇ ಕಾಯಿಲೆ. ಅವರೂ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದ ಕಾರಣ ಯಾರ ಕಾರನ್ನೂ ಕೇಳಲಾಗದೆ, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಮೂರು ಗಂಟೆ ತಡವಾಗಿ ಆಸ್ಪತ್ರೆ ಮುಟ್ಟಿದರು. ಆ ವಾರ ಅವರು ಪಟ್ಟ ಪಾಡು ನಾವು ನೋಡಿದೆವು. ಮಗು ಉಳಿಯಿತು, ಈಗ ಗಟ್ಟಿಯಾಗಿದ್ದಾನೆ. ಆ ದಿನ ಆಸ್ಪತ್ರೆಯ ವರಾಂಡದಲ್ಲಿ ಶಾಹಿದಾ ಅವರ ಪಕ್ಕ ಕೂತು ನಮ್ಮ ಬಂಗುಡೆಯ ಕಥೆ ಹೇಳಿದಳು. ಮರುವಾರ ಅವರು ತಮ್ಮ ಊರಿನಲ್ಲಿ ಬಾಯಿಬಿಟ್ಟರು. ಈಗ ಅಲ್ಲಿ ಅವರಿಗೆ ಮೂರು ಕಾರು ತಯಾರಿರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಇದೇ ಕಾಯಿಲೆಯ ಮಕ್ಕಳಿರುವ ಹದಿನೇಳು ಮನೆಯವರು ಈಗ ಒಬ್ಬರಿಗೊಬ್ಬರು ಆಗುತ್ತೇವೆ. ಯಾರಿಗೆ ಯಾವ ರಕ್ತ, ಯಾವ ಊರಿನಿಂದ ಯಾರ ಗಾಡಿ, ಆಸ್ಪತ್ರೆಯಲ್ಲಿರುವ ತಾಯಿಯ ಬೇರೆ ಮಕ್ಕಳಿಗೆ ಊಟ ಯಾರ ಮನೆಯಲ್ಲಿ, ಎಲ್ಲ ಮೊದಲೇ ಗೊತ್ತುಮಾಡಿರುತ್ತೇವೆ.

ಹದಿನಾರನೇ ತಾರೀಕು ಭಾನುವಾರ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಈ ಮನೆಯವರೆಲ್ಲ ಸೇರುತ್ತಾರೆ. ಮದ್ದು ಮುಗಿಸಿದ ಮಗು ಎದ್ದು ನಿಂತು, ಹೊಸದಾಗಿ ಬಂದವರ ಮುಂದೆ ನಾಲ್ಕು ಮಾತಾಡುವ ಪದ್ಧತಿ ಮಾಡಿದ್ದೇವೆ. ಡಾಕ್ಟರು ನೂರು ಸಲ ಹೇಳಿದರೂ ಹೋಗದ ಹೆದರಿಕೆ ಜಡೆ ಹಾಕಿದ ಒಂದು ಹುಡುಗಿಯನ್ನು ಕಂಡರೆ ಹೋಗುತ್ತದೆ. ಈ ಸಲ ಮುರ್ಶಿದಾಳ ಸರದಿ. ಎರಡು ಪುಟ ಬರೆದಿದ್ದಾಳೆ, ಅದರಲ್ಲಿ ಒಂದೂಕಾಲು ಪುಟ ಬಂಗುಡೆಯೇ. ಹೊಸ ಫ್ರಾಕಿಗೆ ಬಟ್ಟೆ ತಂದಾಗಿದೆ. ನಿನ್ನ ಒಪ್ಪಿಗೆ ಕೇಳದೆ ಹೂಂ ಎಂದುಬಿಟ್ಟೆವು, ಅದೂ ನನ್ನದೇ ತಪ್ಪು ಎಂದಿಟ್ಟುಕೋ. ನಾಳೆ ಅವಳನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಕೇಳಿದ್ದೆಯಲ್ಲ, ಈಗ ದಿನಾ ಅರ್ಧ ಊರೇ ಅವಳನ್ನು ಕೇಳಿಕೊಂಡು ಬರುತ್ತಿದೆ.

ಅಲ್ಲಾಹನು ನಿನ್ನನ್ನೂ ನಿನ್ನ ಸೊಂಟವನ್ನೂ ಕಾಪಾಡಲಿ. ಶಾಹಿದಾಳ ಸಲಾಂ, ಕಾಂತಿಯ ನಮಸ್ಕಾರ. ಸುಲೈಮಾನನದ್ದೂ ಸಲಾಂ ಉಂಟು, ಡಿಸೆಂಬರಿನ ಮೀನಿಗೆ ಕ್ಷಮೆ ಕೇಳಿದ್ದಾನೆ.

ನಿನ್ನ ಉಮ್ಮ,
ಸೈನಬ

ಮರೆತದ್ದು: ಪತ್ರ ಮಡಚುವಾಗ ಮುರ್ಶಿದಾ ತನ್ನ ಭಾಷಣದ ಹಾಳೆ ಇಲ್ಲಿ ಬಿಟ್ಟು ಆಡಲು ಹೋಗಿದ್ದಳು. ಅಕ್ಷರ ತಪ್ಪು ನೋಡುವ ಎಂದು ತೆಗೆದೆ. ನನ್ನ ಹೆಸರು ಮುರ್ಶಿದಾ, ನನ್ನ ತಾಯಿಯ ಹೆಸರು ಶಾಹಿದಾ, ನಮ್ಮ ಊರು ನರಿಕೊಂಬು, ನನಗೆ ರಕ್ತದ ಕ್ಯಾನ್ಸರ್ ಆಗಿತ್ತು ಎಂದು ಗುಂಡಗೆ ಬರೆದಿದ್ದಾಳೆ. ತಂದೆಯ ಹೆಸರು ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾಳೆ. ಕರೆದು ಕೇಳಿದೆ. "ಅಬ್ಬನಿಗೆ ಯಾರಿಗೂ ಗೊತ್ತಾಗುವುದು ಬೇಡ ಅಲ್ವಾ ಟೀಚರಮ್ಮ, ಅವರ ಹೆಸರು ಹೇಳಿದ್ರೆ ಅವರಿಗೆ ನಾಚಿಕೆ ಆಗ್ಬಹುದು" ಎಂದಳು. ನೀನು ನನಗೆ ಹೇಳಿದ್ದನ್ನು ಮಗು ಅಂದೇ ಕೇಳಿಸಿಕೊಂಡಿತ್ತು, ಎರಡೂವರೆ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದೆ. ನನ್ನ ಎದೆ ಒಡೆಯಿತು ಅಝೀಮ್. ನಾನೇ ಬರೆದು ತುಂಬಿಸಬಹುದಿತ್ತು, ತುಂಬಿಸಲಿಲ್ಲ. ಇದನ್ನು ಓದಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವಳಿಗೆ. ಪೆನ್ಸಿಲ್ ಹಿಡಿದು ಕೂತಿರುತ್ತಾಳೆ.