ಬಡತನ ಎಂದು ಬರೆದ ಸಾಲು

ಪ್ರೀತಿಯ ಶ್ಯಾಮಲಾ ಮೇಡಂ,

ನಿಮ್ಮ ಪುಸ್ತಕದಲ್ಲಿ ನಮ್ಮ ಮನೆಯ ಬಗ್ಗೆ ಇರುವ ಪುಟಗಳು ಮೊಬೈಲಿಗೆ ಬಂದವು. ‘ಅಚ್ಚಿಗೆ ಹೋಗೋ ಮುಂಚೆ ಓದಮ್ಮ, ತಪ್ಪಿದ್ರೆ ಹೇಳು’ ಎಂದಿದ್ದೀರಿ. ಒಂದು ತಪ್ಪಿದೆ. ‘ಬಡತನದಿಂದಾಗಿ ಮಗಳು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಳು’ ಎಂಬ ಸಾಲು. ಅದು ಸುಳ್ಳು. ಹೇಳಿದವರು ನೀವಲ್ಲ, ನಾವು.

ಲಗ್ಗೆರೆಯ ನಮ್ಮ ವಠಾರಕ್ಕೆ ನೀವು ಮೊದಲು ಬಂದ ಭಾನುವಾರ ನೆನಪಿದೆಯೇ? ಊರು ಬಿಟ್ಟು ಬಂದವರ ಮಕ್ಕಳು ಶಾಲೆ ಯಾಕೆ ಬಿಡುತ್ತಾರೆ ಎಂಬುದೇ ನಿಮ್ಮ ಸಂಶೋಧನೆ, ಕಾಲೇಜಿನಲ್ಲೂ ಅದನ್ನೇ ಪಾಠ ಮಾಡುತ್ತೀರಿ ಎಂದು ಎಷ್ಟು ಬಿಡಿಸಿ ಹೇಳಿದಿರಿ! ನಮಗೆ ಕಂಡದ್ದು ನಿಮ್ಮ ಕೈಯಲ್ಲಿದ್ದ ಫಾರಂ ಮಾತ್ರ. ಫಾರಂ ಎಂದರೆ ಸರ್ಕಾರ, ಸರ್ಕಾರ ಎಂದರೆ ಮನೆ. ಪಕ್ಕದ ಕೋಣೆಯ ಮುತ್ತಣ್ಣ ‘ಮನಿ ಯಾವಾಗ ಮಂಜೂರಾಗ್ತೈತ್ರಿ ಮೇಡಂ?’ ಎಂದು ಕೇಳಿಯೇಬಿಟ್ಟ. ಅವ್ವ ಅಷ್ಟರಲ್ಲಿ ಫ್ರಿಜ್ಜಿಗೆ ಕೌದಿ ಹೊದಿಸಿ ಮುಚ್ಚಿದ್ದಳು. ನೀವು ಅದಕ್ಕೇ ಒರಗಿ ಕುಳಿತಿರಿ. ಅದು ಗುಂಯ್ ಎಂದಿತು. ನೀವು ಅವ್ವನ ಕಡೆ ತಿರುಗಿ ‘ಮಹಾದೇವಿ, ಒಂದ್ ಲೋಟ ತಣ್ಣೀರು ಕೊಡ್ತೀರಾ?’ ಎಂದಿರಿ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

‘ಯಾಕಮ್ಮ ಸ್ಕೂಲ್ ಬಿಟ್ಟೆ?’ ಎಂದು ಕೇಳಿದಿರಿ. ‘ಬ್ಯಾಸರ ಆತ್ರಿ’ ಎಂದೆ. ಅವ್ವ ನಡುವೆ ಬಾಯಿ ಹಾಕಿದಳು: ‘ಬಡತನ ಅಂತ ಬರಕೊಳ್ರಿ. ಈಕಿಗೆ ತಲಿ ಇಲ್ಲ.’ ಆಮೇಲೆ ಎರಡು ವರ್ಷ ನೀವು ಬರುತ್ತಲೇ ಇದ್ದಿರಿ, ಆಗಲೂ ನಾನು ಅದನ್ನು ತಿದ್ದಲಿಲ್ಲ.

ನಾನು ಕೂತಲ್ಲಿ ಕೂರುವವಳಲ್ಲ ಮೇಡಂ. ಒಂದು ದಿನ ಗಣಿತದ ಪಿರಿಯಡ್ಡಿನ ನಡುವೆಯೇ ಬ್ಯಾಗ್ ಎತ್ತಿಕೊಂಡು ಹೊರಬಂದೆ, ಅಷ್ಟೆ. ಅಲ್ಲಿಂದ ಈಚೆಗೆ ಮೂರು ಕೆಲಸ ಬಿಟ್ಟಿದ್ದೇನೆ. ಅವಕ್ಕೂ ಬಡತನ ಕಾರಣವಲ್ಲ.

ನಿನ್ನೆ ಅವ್ವನಿಗೆ ಆ ಪುಟ ಓದಿ ಹೇಳಿದೆ. ‘ಇರ್ಲಿ ಬಿಡ. ಮೈಗಳ್ಳಿ ಅಂತ ನಾಕ ಮಂದಿ ಓದೂದಕ್ಕಿಂತ ಬಡವಿ ಅಂತ ಓದೂದು ಛಲೋ. ನಾಳೆ ನಿನ್ನ ಮದವಿ ಆಗಬೇಕು’ ಎಂದಳು. ಆದರೆ ಆ ಸಾಲು ಉಳಿದರೆ ನನ್ನ ಮಾನ ಉಳಿಯುತ್ತದೆ, ಅವಳ ದುಡಿಮೆ ಅಳಿಸಿಹೋಗುತ್ತದೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಮಷಿನ್ ತುಳಿದವಳು ನನಗೆ ಯಾವುದನ್ನೂ ಕಮ್ಮಿ ಮಾಡಿರಲಿಲ್ಲ.

ದಯವಿಟ್ಟು ಅದನ್ನು ಹೊಡೆದುಹಾಕಿ. ಮಗಳು ತಾನಾಗಿಯೇ ಬಿಟ್ಟಳು ಎಂದು ಬರೆಯಿರಿ. ಜಾಗವಿದ್ದರೆ ಇದನ್ನೂ ಸೇರಿಸಿ: ನಾನು ಬಿಟ್ಟ ಮೇಲೂ ಒಂದು ವರ್ಷ ಅವ್ವ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಬಾಗಿಲ ಮೊಳೆಗೆ ತೂಗುಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ನಿಮ್ಮ ಪುಸ್ತಕ ನೂರಾರು ಕೈ ಸೇರಲಿ, ನೀವು ತಣ್ಣಗಿರಿ.

ನಿಮ್ಮ
ದಾನೇಶ್ವರಿ