ಉಳಿದ ಒಂದು ಬೀಗದಕೈ

ಮಹಡಿ ಮನೆಯ ಯಜಮಾನರಿಗೆ, ಕೆಳಮನೆ ಅಜ್ಜಿಯ ಮಗಳ ನಮಸ್ಕಾರಗಳು.

ಸೋಮವಾರದೊಳಗೆ ಅಮ್ಮನ ಮನೆ ಖಾಲಿ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಮಂಚ, ಪಾತ್ರೆ ಎಲ್ಲ ಹೋದವು. ತಡ ಮಾಡಿದ್ದು ಬಾಗಿಲ ಹಿಂದಿನ ಬೀಗದಕೈಗಳು. ಇಡೀ ಬೀದಿಯ ಎರಡನೇ ಬೀಗದಕೈ ಕಾಯ್ದುಕೊಂಡು, ಹೊರಗೆ ನಿಂತವರನ್ನೆಲ್ಲ ಅವರವರ ಮನೆ ಸೇರಿಸಿ, ತೊಂಬತ್ತೊಂದು ವರ್ಷ ಬಾಳಿದವಳು ಒಂದಕ್ಕೂ ಮನೆ ನಂಬರು ಬರೆದಿಲ್ಲ. ಕಳ್ಳರಿಗೆ ತಿಳಿಯಬಾರದೆಂದು ಅಡ್ಡಹೆಸರಿನ ಚೀಟಿ ಕಟ್ಟಿದ್ದಾಳೆ!

“ನಾಳೆ ಬನ್ನಿ” ಎಂಬ ಚೀಟಿ ನೋಡಿದ ದರ್ಜಿ, “ಇದು ನಂದೇ ಬಿಡಮ್ಮ” ಎಂದು ಕಣ್ಣೊರೆಸಿಕೊಂಡ. “ಬಾಯಿಬಡುಕಿ” ಚೀಟಿಗೆ ಮೂವರು ಬಂದು, “ನಂದಲ್ಲ, ಅವಳದ್ದು” ಎಂದು ಕಿತ್ತಾಡಿದರು.

ಈಗ ಒಂದೇ ಉಳಿದಿದೆ. ಚೀಟಿಯಲ್ಲಿ “ನನ್ನ ತಮ್ಮ” ಎಂದಿದೆ. ಅಮ್ಮನಿಗೆ ಒಡಹುಟ್ಟಿದವರಿಲ್ಲ. ಬೀಗದಕೈ ಕೇಳಲು ಬಾರದವರು ಬೀದಿಯಲ್ಲಿ ನೀವೊಬ್ಬರೇ. ಸೋರುವ ನಲ್ಲಿಯ ನೆಪದಲ್ಲಿ ನಲವತ್ತು ವರ್ಷ ನೀವಿಬ್ಬರೂ ಹಾವು ಮುಂಗುಸಿಯಾಗಿದ್ದಿರಿ, ಗೊತ್ತು. ಆದರೆ ನಿಮ್ಮ ಮನೆಯವರು ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ ಕೊಟ್ಟು ಹೋಗಿದ್ದರೇನೋ.

ಅದನ್ನು ಈ ಪತ್ರದೊಡನೆ ಇಟ್ಟಿದ್ದೇನೆ. ದಯವಿಟ್ಟು ನಿಮ್ಮ ಬಾಗಿಲಿಗೊಮ್ಮೆ ಹಾಕಿ ನೋಡಿ. ತೆರೆದರೆ ತಿಳಿಸಿ, ಇಷ್ಟು ವರ್ಷ “ಯಜಮಾನರೇ” ಎಂದವಳು ಇನ್ನು “ಮಾವ” ಎನ್ನುವುದನ್ನು ರೂಢಿ ಮಾಡಿಕೊಳ್ಳಬೇಕು.

ಇಂತಿ,
ಸದ್ಯಕ್ಕೆ, ಕೆಳಮನೆಯ ಹುಡುಗಿ