ಒಳಗೆ ಬಟ್ಟೆ ಇಲ್ಲದ ಕೋಟು

೧೨ ಫೆಬ್ರವರಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಉಂಡೆ,

ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ‘ಇರಲಿ ಬಿಡಣ್ಣ’ ಅನ್ನುತ್ತೀಯ, ನಾನು ಸದ್ಯ ಬದುಕಿದೆ ಎಂದುಕೊಂಡು ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯಲು ಕೂತೆ. ಎರಡು ಮಕ್ಕಳ ತಾಯಿಯನ್ನು ಇನ್ನೂ ಉಂಡೆ ಎಂದು ಕರೆಯುವುದು ಸರಿಯಲ್ಲ, ಗೊತ್ತು. ಆದರೆ ಕಟಿಂಗ್ ಟೇಬಲ್ಲಿನ ಕೆಳಗೆ ದಾರದ ಉಂಡೆಗಳ ಜೊತೆ ಉರುಳಾಡುತ್ತಿದ್ದ ನಿನಗೆ ಆ ಹೆಸರಿಟ್ಟವರು ನಿಮ್ಮಪ್ಪ, ನಾನಲ್ಲ. ನನಗೆ ಬಾಬಿನ್ ಎಂದು ಇಟ್ಟವರೂ ಅವರೇ. ಮೆಷಿನ್ನಿನ ಬಾಬಿನ್ನಿನ ಹಾಗೆ ಸದ್ದು ಜಾಸ್ತಿ, ಅರ್ಧಕ್ಕೇ ದಾರ ಖಾಲಿ ಎಂದು.

ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪನ, ನನಗೆ ಹೊಲಿಗೆ ಕಲಿಸಿದ ಮಾಸ್ತರರ, ಕೊನೆಯ ದಿನಗಳ ಬಗ್ಗೆ ನಾನು ಬರೆದ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ. ಅದರ ಮುಂದೆ ಮಗಳದೂ ಎರಡು ಪುಟ ಇದ್ದರೆ ಚೆನ್ನ ಎಂದು ಪ್ರಕಾಶಕಿ ನಿನಗೆ ಫೋನು ಮಾಡಿದರಂತೆ. ‘ಅಣ್ಣ ಹೇಳಿದ್ರೆ ಬರೀತೀನಿ’ ಅಂದೆಯಂತೆ. ಅವರಿಗೆ ಖುಷಿಯೋ ಖುಷಿ. ನಾನು ಮಾತ್ರ ಆ ಮಾತು ಕೇಳಿದಾಗಿನಿಂದ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದೇನೆ.

ಓದಿದವರ ಕಾಗದಗಳು ಬರುತ್ತಲೇ ಇವೆ ಉಂಡೆ. ಶರ್ಟಿನ ಎರಡು ಡಬ್ಬಿ ತುಂಬಿ ಮೂರನೆಯದು ಶುರುವಾಗಿದೆ. ಒಬ್ಬ ಬಸ್ ಡ್ರೈವರು ಟ್ರಿಪ್ಪುಗಳ ನಡುವೆ ಸ್ಟೀರಿಂಗಿನ ಮೇಲಿಟ್ಟುಕೊಂಡು ಓದಿದನಂತೆ. ಮುಗಿಸಿದ ದಿನವೇ ಆರು ವರ್ಷದಿಂದ ಮಾತು ಬಿಟ್ಟಿದ್ದ ಅಪ್ಪನ ಹಾಸಿಗೆಯ ಪಕ್ಕ ಹೋಗಿ ಕೂತನಂತೆ. ಒಬ್ಬ ಟೀಚರಮ್ಮ ದಿನಾ ತರಗತಿಯಲ್ಲಿ ಒಂದು ಪುಟ ಓದಿಸುತ್ತಾರೆ. ಯಾರೋ ‘ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರು, ಮಗನೇ’ ಎನ್ನುವ ಮಾತನ್ನು ಕಸೂತಿ ಹಾಕಿ, ಚೌಕಟ್ಟು ಕಟ್ಟಿಸಿ ಕಳಿಸಿದ್ದಾರೆ. ಮಾಸ್ತರರು ನನ್ನನ್ನು ಯಾವತ್ತು ಮಗನೇ ಅಂದಿದ್ದರು ಹೇಳು! ‘ಲೇ ಬಾಬಿನ್, ಹೊಲಿಗೆ ಒಳಗೆ ಎರಡಿಂಚು ಬಿಡೋ, ಆಸಾಮಿ ನಾಳೆ ದಪ್ಪ ಆಗಿ ಬಂದು ನನ್ನ ಜೀವ ತಿಂತಾನೆ’ ಎಂದು ಸ್ಕೇಲು ಬೀಸುತ್ತಿದ್ದರು. ಅದನ್ನು ನಾನು ಬಾಳಿನ ಪಾಠ ಮಾಡಿ, ಸಂಬಂಧಗಳಲ್ಲೂ ಒಳಗೆ ಜಾಗ ಬಿಟ್ಟಿರಬೇಕು ಎಂದು ಎಳೆದೆಳೆದು ಬರೆದೆ. ಒಬ್ಬ ವಿಮರ್ಶಕ ಮಾತ್ರ ‘ಈ ಟೈಲರ್ ಮಾಸ್ತರರಿಗೆ ಒಂದು ದಿನವೂ ಸಿಟ್ಟು ಬರಲಿಲ್ಲವೇ?’ ಎಂದು ಕೇಳಿದ. ಅವನ ಮೇಲೆ ವಾರವಿಡೀ ಉರಿದುಬಿದ್ದೆ.

ಹೀಗೆ ಹೊಗಳಿಕೆ ಉಂಡು ತೇಗುತ್ತಿದ್ದಾಗ ಹೋದ ತಿಂಗಳು ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು. ಅವರ ಅಪ್ಪನಿಗೂ ಮಾಸ್ತರರಿಗೆ ಬಂದ ಗಂಟಲಿನ ಕಾಯಿಲೆಯೇ. ಆಪರೇಷನ್ ಆದಮೇಲೆ ಅವರ ಬಾಯಿಂದ ಒಂದು ಮಾತೂ ಬರಲಿಲ್ಲವಂತೆ. ‘ನಿಮ್ಮ ಗುರುಗಳು ಕೊನೇ ದಿನದ ತನಕ ಅಷ್ಟು ಚೆನ್ನಾಗಿ ಮಾತಾಡಿದ್ದಾರೆ. ನಮ್ಮಪ್ಪ ನೀರು ಅಂತ ಕೂಡ ಅನ್ನಲಿಲ್ಲ. ನಾನು ಆರೈಕೆಯಲ್ಲಿ ಏನು ತಪ್ಪು ಮಾಡಿದೆ, ದಯವಿಟ್ಟು ತಿಳಿಸಿ’ ಎಂದು ಕೇಳಿದ್ದಾರೆ. ಇಷ್ಟೇ ಕಾಗದ. ಕೆಳಗೆ ವಿಳಾಸವನ್ನು ಎರಡು ಸಲ ಬರೆದಿದ್ದಾರೆ, ಉತ್ತರ ತಪ್ಪಿಹೋಗಬಾರದೆಂದು.

ಆಕೆಗೆ ಏನು ಬರೆಯಲಿ? ಉತ್ತರ ನಿನಗೂ ಗೊತ್ತು, ನನಗೂ ಗೊತ್ತು.

ನಾನು ಪುಸ್ತಕದಲ್ಲಿ ಹನ್ನೊಂದು ಭೇಟಿ ಬರೆದೆ. ಬಂದದ್ದು ನಾಲ್ಕು ಸಲ, ನಾಲ್ಕೂ ಆಪರೇಷನ್ನಿಗೆ ಮುಂಚೆ. ಆಮೇಲೆ ಎರಡು ತಿಂಗಳು ಹತ್ತು ದಿನ ಅವರು ಮಾತಿಲ್ಲದೆ ಬದುಕಿದ್ದರು. ಆ ದಿನಗಳಲ್ಲಿ ನೀನು ಮೂರು ಸಲ ಫೋನು ಮಾಡಿದೆ. ನಾನು ಒಂದು ಸಲ ನಮ್ಮ ಪತ್ರಿಕೆಯ ವಿಶೇಷ ಸಂಚಿಕೆಯ ಕೆಲಸ ಅಂದೆ, ಒಂದು ಸಲ ಜ್ವರ ಅಂದೆ, ಇನ್ನೊಂದು ಸಲ ಏನಂದೆನೋ ನೆನಪಿಲ್ಲ. ಜ್ವರ ಬಂದಿರಲಿಲ್ಲ. ‘ಅಪ್ಪ ಈಗ ಬಟ್ಟೆ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಬರೀತಾರೆ, ಓದಿ ಆದ್ಮೇಲೆ ಕೊಡವಿ ಮತ್ತೆ ಕೊಡ್ತೀನಿ’ ಎಂದು ನೀನು ಹೇಳಿದಾಗ ನನಗೆ ಅಳು ಬರಲಿಲ್ಲ ಉಂಡೆ, ಹೆದರಿಕೆಯಾಯಿತು. ಅಂಗಡಿಯೇ ಅದುರುವಂತೆ ಬೈಯುತ್ತಿದ್ದ ಮನುಷ್ಯ ಸುಮ್ಮನೆ ನನ್ನ ಮುಖ ನೋಡುತ್ತಾ ಕೂತರೆ ನಾನು ಏನು ಮಾಡಬೇಕು? ಬೈಸಿಕೊಂಡು ಅಭ್ಯಾಸವಿತ್ತು, ನೋಡಿಸಿಕೊಂಡು ಇರಲಿಲ್ಲ. ನಾನು ಬಂದದ್ದು ಅವರು ಹೋದ ಮೇಲೆ. ಬಂದವನು ಎಲ್ಲರಿಗಿಂತ ಜೋರಾಗಿ ಅತ್ತೆ.

ಬರೆಯುವಾಗ ಮೊದಲು ನಾಲ್ಕೇ ಭೇಟಿ ಬರೆದಿದ್ದೆ. ತೆಳ್ಳಗಿದೆ ಅನ್ನಿಸಿತು. ಐದನೆಯದನ್ನು ಎರಡು ಸಲ ಬರೆದು ಹರಿದು ಹಾಕಿದೆ, ಆರನೆಯದು ಸಲೀಸಾಗಿ ಬಂತು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ನಾನೇ ನಂಬಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅದರಲ್ಲೇ ಮಾಸ್ತರರು ಹಾಸಿಗೆಯಿಂದ ಎದ್ದು, ತಾವು ಹೊಲಿದು ಮುಗಿಸಿದ ಕೋಟನ್ನು ನನಗೆ ತೊಡಿಸಿ ಕೊನೆಯ ಮಾತು ಹೇಳುವುದು. ಜನ ಅಳುವುದೆಲ್ಲ ಅಲ್ಲೇ.

ಪುಸ್ತಕ ಬಿಡುಗಡೆಯ ದಿನ ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಾನು ಬೂದು ಬಣ್ಣದ ಕೋಟಿನ ತೋಳು ಸವರಿಕೊಂಡು ‘ಇದೇ ಆ ಕೋಟು’ ಎಂದೆ. ನೀನು ಅದನ್ನೇ ನೋಡುತ್ತಿದ್ದೆ. ಹೆಮ್ಮೆಪಡುತ್ತಿದ್ದೀಯ ಎಂದುಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಮುದುಕಿ ನಿನ್ನ ಕೈ ಹಿಡಿದು, ಅಂಥ ಮಾತುಗಳನ್ನು ಕಿವಿಯಾರೆ ಕೇಳಿದ ಪುಣ್ಯವಂತೆ ನೀನು ಅಂದರು. ನೀನು ಒಂದು ಸಲ ನನ್ನ ಕಡೆ ನೋಡಿ, ‘ಹೌದಮ್ಮ’ ಅಂದೆ. ಎರಡು ತಿಂಗಳು ಒಂದು ದನಿಗಾಗಿ ಕಾದವಳ ಬಾಯಿಂದ ನಾನು ಆ ಹೌದು ಹೇಳಿಸಿದೆ.

ಆ ಕೋಟು ರೆಡಿಮೇಡ್ ಅಂಗಡಿಯಲ್ಲಿ ಕೊಂಡದ್ದು. ಮಾಸ್ತರರ ಕೋಟು ಎಂದು ನೀನು ಕೊಟ್ಟ ಪೊಟ್ಟಣ ನನ್ನ ಬೀರುವಿನಲ್ಲಿ ಜೋಪಾನವಾಗಿದೆ. ಹಾಳಾಗಬಾರದೆಂದು ಅದನ್ನು ಮುಟ್ಟುವುದಿಲ್ಲ.

ನಾನು ತೊಟ್ಟದ್ದು ರೆಡಿಮೇಡ್ ಕೋಟು ಎಂದು ಕಂಡುಹಿಡಿದವರು ಒಬ್ಬರೇ. ಹೋದ ವಾರ ಒಂದು ಗ್ರಂಥಾಲಯದಲ್ಲಿ ಓದುಗರ ಜೊತೆ ಮಾತುಕತೆ ಇತ್ತು. ಮುಗಿದ ಮೇಲೆ ಎಲ್ಲರೂ ಎಂದಿನಂತೆ ಕೋಟು ಮುಟ್ಟಿ ನೋಡಿದರು. ಕೊನೆಗೆ ದಪ್ಪ ಕನ್ನಡಕದ ಒಬ್ಬ ಮುದುಕರು ಬಂದು, ತಾನೂ ನಲವತ್ತು ವರ್ಷ ಟೈಲರ್ ಆಗಿದ್ದೆ, ನೋಡಬಹುದೇ ಎಂದು ಕೇಳಿ ಅಂಚು ಮಗುಚಿದರು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದರು. ‘ಒಳಗೆ ಬಟ್ಟೆನೇ ಇಲ್ವಲ್ಲ’ ಅಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ಅಂಚನ್ನು ಮೊದಲಿನ ಹಾಗೆ ಮಗುಚಿ, ಎರಡು ಸಲ ತಟ್ಟಿ ಸರಿಮಾಡಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳದೆ ಹೋದರು. ಪುಸ್ತಕದ ಹೆಸರೇ ‘ಒಳಗೆ ಬಿಟ್ಟ ಬಟ್ಟೆ’. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹದಿನಾಲ್ಕು ವರ್ಷ ಮಾಸ್ತರರ ಪಕ್ಕ ಕೂತು ಹೊಲಿದವನಿಗೆ, ಸುಳ್ಳು ಹೇಳುವ ಮುಂಚೆ ಅಂಚು ಮಗುಚಿ ನೋಡಬೇಕೆಂದೂ ಹೊಳೆದಿರಲಿಲ್ಲ.

ಈಗ ನನ್ನ ಮನಸ್ಸು ಚೆನ್ನಾಗಿ ವಕೀಲಿಕೆ ಮಾಡುತ್ತದೆ. ಡ್ರೈವರು ಅಪ್ಪನ ಹತ್ತಿರ ಹೋದನಲ್ಲ, ಒಳ್ಳೆಯದೇ ಆಯಿತಲ್ಲ ಅನ್ನುತ್ತದೆ. ಆದರೆ ಲಾಂಡ್ರಿಯ ಆ ಹೆಂಗಸು ತಾನು ಮಾಡದ ತಪ್ಪನ್ನು ಹುಡುಕುತ್ತಾ ಕೂತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದವನು ನಾನು. ನಾಳೆ ಪ್ರಕಾಶಕಿಗೆ ಅಚ್ಚು ನಿಲ್ಲಿಸಲು ಹೇಳುತ್ತೇನೆ. ಏಳು ಭೇಟಿ ತೆಗೆದು, ನಾನು ಬರಲಿಲ್ಲ ಎಂದು ಒಂದು ಅಧ್ಯಾಯ ಬರೆಯುತ್ತೇನೆ. ‘ನಿಮಗೇನು ಹುಚ್ಚಾ?’ ಅನ್ನುತ್ತಾರೆ, ಅನ್ನಲಿ. ಡಬ್ಬಿ ತುಂಬಿಸಿದವರೇ ನಾಳೆ ಉಗಿಯುತ್ತಾರೆ, ಉಗಿಯಲಿ. ಆಮೇಲೆ ಆಕೆಗೆ ಉತ್ತರ ಬರೆಯುತ್ತೇನೆ. ನಿನ್ನಲ್ಲಿ ಕೇಳುವುದು ಒಂದೇ. ನೀನು ಆ ಎರಡು ಪುಟ ಬರೆಯಬೇಡ. ನನ್ನ ಸುಳ್ಳಿಗೆ ನಿನ್ನ ಕೈಯಿಂದ ಲೈನಿಂಗ್ ಹಾಕಿಸಲಾರೆ.

ಕ್ಷಮಿಸು ಎಂದು ಬರೆಯಲು ಮೂರು ಸಲ ನೋಡಿದೆ. ಬರೆದರೆ ನೀನು ‘ಇರಲಿ ಬಿಡಣ್ಣ’ ಅಂದುಬಿಡುತ್ತೀಯ. ಈ ಸಲ ಅನ್ನಬೇಡ. ನಾಲ್ಕು ಮಾತು ಬೈದು ಬರೆ, ನಿಮ್ಮಪ್ಪನ ಹಾಗೆ.

ಮಕ್ಕಳಿಗೆ ಪ್ರೀತಿ.

ಇಂತು, ಅರ್ಧಕ್ಕೇ ದಾರ ಮುಗಿದ,
ಬಾಬಿನ್ ಅಣ್ಣ

ಮರೆತಿದ್ದು: ಸೋಮವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಪೊಟ್ಟಣದ ವಿಷಯದಲ್ಲಿ ಮೇಲೆ ಬರೆದದ್ದೂ ಸುಳ್ಳೇ. ಜೋಪಾನ ಅಂದದ್ದು ನೆಪ. ಇಷ್ಟು ದಿನ ನಾನು ಅದರ ದಾರವನ್ನೇ ಬಿಚ್ಚಿರಲಿಲ್ಲ. ಈಗ ಬಿಚ್ಚಿದೆ. ಕೋಟು ಮುಗಿದಿಲ್ಲ ಉಂಡೆ, ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ನಿಂತಿದೆ, ಒಂದು ತೋಳು ಇನ್ನೂ ಸೇರಿಸಿಲ್ಲ. ಬಣ್ಣವೂ ಬೂದು ಅಲ್ಲ, ಕಡುನೀಲಿ. ಆ ದಿನ ಮುಂದಿನ ಸಾಲಿನಲ್ಲಿ ನೀನು ಏನು ನೋಡುತ್ತಿದ್ದೆ ಎಂದು ಈಗ ಗೊತ್ತಾಯಿತು. ತೊಟ್ಟು ನೋಡಿದೆ, ಹೊಟ್ಟೆಯ ಹತ್ತಿರ ಕೂಡುವುದಿಲ್ಲ, ಒಳಗೆ ಎರಡಿಂಚು ಬಿಟ್ಟಿದ್ದಾರೆ. ಅದನ್ನು ಬಿಚ್ಚಿ ಹೊಲಿಯಲು, ಕೊನೆಯ ತನಕ ಪಕ್ಕದಲ್ಲಿದ್ದು ಅವರ ಕೈಯ ಹೊಲಿಗೆ ಕಂಡವಳು ನೀನೊಬ್ಬಳೇ. ಮುಂದಿನ ಭಾನುವಾರ ಕೋಟು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ತೆಗೆಯುವುದು ಬಿಡುವುದು ನಿನ್ನಿಷ್ಟ. ಎದೆಯ ಒಳಭಾಗದಲ್ಲಿ, ತೊಟ್ಟು ನೋಡಲು ಬರಬೇಕಾದ ಗಿರಾಕಿಗಳಿಗೆ ಹಾಕುತ್ತಿದ್ದ ಹಾಗೆಯೇ, ಮಾಸ್ತರರು ಸೀಮೆಸುಣ್ಣದಲ್ಲಿ ‘ಬಾಬಿನ್, ಟ್ರಯಲ್’ ಎಂದು ಬರೆದು ತಾರೀಖು ಹಾಕಿದ್ದಾರೆ. ಜೂನ್ ೩, ನಾನು ಬರಲಿಲ್ಲ, ಗೀಟು ಎಳೆದಿದ್ದಾರೆ. ಜೂನ್ ೧೭, ಅದಕ್ಕೂ ಗೀಟು. ಜುಲೈ ೧, ಗೀಟು. ಜುಲೈ ೨೨, ಗೀಟು ಸೊಟ್ಟಗಿದೆ. ಅದರ ಕೆಳಗೆ ತಾರೀಖು ಇಲ್ಲ, ‘ಬಂದಾಗ’ ಎಂದಷ್ಟೇ ಬರೆದಿದ್ದಾರೆ. ಅದಕ್ಕೆ ಗೀಟು ಎಳೆದಿಲ್ಲ.